ಗುರು ಸಿಗದಿದ್ದರೆ ಕಥೆಗಾರರಾಗಿ ಬೆಳೆಯುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ದೂರುಗಳಿವೆ. ಕೆಲವು ವರ್ಷಗಳಿಂದ ಸಣ್ಣಕಥೆ ಬರೆಯುತ್ತಿದ್ದೀರಿ, ತಿದ್ದಿ ಹೇಳುವ ಹಿರಿಯರು ಯಾರೂ ಸಿಕ್ಕಿಲ್ಲ, ಹಾಗಾಗಿ ಇದ್ದಲ್ಲೇ ಇದ್ದೀನಿ ಅನ್ನಿಸುತ್ತಿದೆ ಎನ್ನುವುದು ಒಂದು. ಬರೆಯುವ ಗೆಳೆಯರು ಮೂವರಿದ್ದಾರೆ, ಆದರೆ ಏನು ಕಳಿಸಿದರೂ 'ಸೂಪರ್, ಚೆನ್ನಾಗಿದೆ' ಅಂತಾರೆ ಎನ್ನುವುದು ಇನ್ನೊಂದು. ಗುರು ಇಲ್ಲದೆ ಬೆಳೆಯಬಹುದಾ ಅಂತ ಕೇಳಿದ್ದೀರಿ.

ಬೆಳೆಯಬಹುದು. ಆದರೆ ಮೊದಲು ಸರಿಮಾಡಿಕೊಳ್ಳಬೇಕಾದ್ದು ಆ ಎರಡನೇ ದೂರು ಅಂತ ನನಗನ್ನಿಸುತ್ತದೆ.

ಗುರು ಅಂದ ಕೂಡಲೇ ಬರೆಯುವವರ ತಲೆಯಲ್ಲಿ ಒಂದು ಚಿತ್ರ ಬರುತ್ತದೆ. ದೊಡ್ಡ ಲೇಖಕರೊಬ್ಬರು ನಮ್ಮ ಕಥೆ ಓದುತ್ತಾರೆ, ಪ್ರತಿಭೆ ಗುರುತಿಸುತ್ತಾರೆ, ಬೆನ್ನು ತಟ್ಟುತ್ತಾರೆ, ಸಂಪಾದಕರ ಕಿವಿಗೆ ಒಂದು ಮಾತು ಹಾಕುತ್ತಾರೆ. ಇದು ಶಿಫಾರಸಿನ ಕನಸು, ಅಷ್ಟೇ. ನಿಜವಾಗಿ ನಡೆದ ಗುರು-ಶಿಷ್ಯರ ಕಥೆಗಳಲ್ಲಿ ಬೆನ್ನು ತಟ್ಟುವುದಕ್ಕಿಂತ ಕೂರಿಸಿ ಬರೆಸುವುದೇ ಜಾಸ್ತಿ.

ಫ್ರೆಂಚ್ ಕಥೆಗಾರ ಮೊಪಾಸಾ ಅವರನ್ನೇ ನೋಡಿ. ಅವರ ತಾಯಿಗೆ ಹೆಸರಾಂತ ಕಾದಂಬರಿಕಾರ ಫ್ಲಾಬೇರ್ ಬಾಲ್ಯದ ಗೆಳೆಯ. ಹಾಗಾಗಿ ಗುರು ಹುಡುಕುವ ಕಷ್ಟ ಅವರಿಗೆ ಇರಲಿಲ್ಲ. ಆಮೇಲೇನಾಯಿತು? ಏಳು ವರ್ಷ ಪದ್ಯ ಬರೆದೆ, ಕಥೆ ಬರೆದೆ, ಒಂದು ಕೆಟ್ಟ ನಾಟಕವನ್ನೂ ಬರೆದೆ, ಅದರಲ್ಲಿ ಯಾವುದೂ ಉಳಿದಿಲ್ಲ ಅಂತ ಅವರೇ 1888ರ ತಮ್ಮ ಕಾದಂಬರಿಯೊಂದರ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಬರೆದದ್ದನ್ನೆಲ್ಲ ಫ್ಲಾಬೇರ್ ಓದುತ್ತಿದ್ದರು. ಮುಂದಿನ ಭಾನುವಾರ ಊಟಕ್ಕೆ ಕೂತಾಗ ಎಲ್ಲಿ ಸರಿಯಿಲ್ಲ ಅಂತ ಹೇಳುತ್ತಿದ್ದರು. ಅವರು ಕೊಡುತ್ತಿದ್ದ ಅಭ್ಯಾಸ ಕೇಳುವುದಕ್ಕೆ ತುಂಬ ಸಣ್ಣದು. ಅಂಗಡಿ ಬಾಗಿಲಲ್ಲಿ ಕೂತ ಒಬ್ಬ ದಿನಸಿ ವ್ಯಾಪಾರಿಯನ್ನು ವರ್ಣಿಸಬೇಕು; ಓದಿದವರು ಅವನನ್ನು ಇನ್ನೊಬ್ಬ ವ್ಯಾಪಾರಿ ಅಂದುಕೊಳ್ಳಬಾರದು. ಬಾಡಿಗೆ ಗಾಡಿಯ ಒಂದು ಕುದುರೆ, ಅದರ ಹಿಂದೆ ಮುಂದೆ ಇರುವ ಐವತ್ತು ಕುದುರೆಗಳಂತೆ ಯಾಕಿಲ್ಲ ಅಂತ ಒಂದೇ ಮಾತಲ್ಲಿ ತೋರಿಸಬೇಕು. ಬರೆದು ನೋಡಿ, ಬೆವರು ಬರುತ್ತದೆ. ಮೊಪಾಸಾಗೆ ಹೆಸರು ತಂದ ಕಥೆ ಬಂದದ್ದು 1880ರಲ್ಲಿ. ಫ್ಲಾಬೇರ್ ಅದನ್ನು ಬಾಯ್ತುಂಬ ಹೊಗಳಿದರು. ಅದೇ ವರ್ಷ ಮೇ ತಿಂಗಳಲ್ಲಿ ತೀರಿಕೊಂಡರು.

ಗುರುವಿನಿಂದ ದೊಡ್ಡವರ ಪರಿಚಯವೂ ಆಯಿತು, ಇಲ್ಲ ಅನ್ನಲ್ಲ. ಆದರೆ ಆ ಏಳು ವರ್ಷ ಯಾವ ಪರಿಚಯದಿಂದಲೂ ಕಡಿಮೆಯಾಗಲಿಲ್ಲ.

ಇಷ್ಟು ಉದ್ದದ ಸಹವಾಸ ಎಲ್ಲರಿಗೂ ಸಿಗುವುದಿಲ್ಲ. ಕೆಲವೊಮ್ಮೆ ಒಂದು ಸಂಜೆಯೇ ಸಾಕಾಗುತ್ತದೆ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿ ಅವರಿಗೆ ಮೇಷ್ಟ್ರಾಗಿದ್ದರು. ಅಲ್ಲಿ ನೋಡಿದ ಬರ್ಗ್‌ಮನ್ ಅವರ ಒಂದು ಸಿನಿಮಾ, ಅದರ ಬಗ್ಗೆ ಬ್ರಾಡ್‌ಬರಿ ಜೊತೆ ಆಡಿದ ಮಾತು, ಇವು 'ಸಂಸ್ಕಾರ' ಹುಟ್ಟುವುದಕ್ಕೆ ಕಾರಣವಾದವು ಅಂತ ಅವರೇ ಹೇಳಿದ್ದಾರೆ. ಇಲ್ಲಿ ಯಾರೂ ಯಾರ ವಾಕ್ಯವನ್ನೂ ತಿದ್ದಲಿಲ್ಲ. ಮೇಷ್ಟ್ರು ಮಾತಾಡಲು ಸಿಕ್ಕರು, ಅಷ್ಟೇ.

ಆದ್ದರಿಂದ ಹಿರಿಯರೊಬ್ಬರಿಗೆ ಬರೆಯುವುದಾದರೆ 'ನನಗೆ ಮಾರ್ಗದರ್ಶನ ಮಾಡಿ' ಅಂತ ಕೇಳಬೇಡಿ. ಆ ಮಾತಿಗೆ ಕೊನೆ ಮೊದಲಿಲ್ಲ, ಯಾರಿಗಾದರೂ ಭಾರ ಅನ್ನಿಸುತ್ತದೆ. ಒಂದು ಕಥೆ ಕಳಿಸಲಾ ಅಂತ ಮೊದಲು ಕೇಳಿ. ಒಪ್ಪಿದರೆ ಒಂದೇ ಕಥೆ ಕಳಿಸಿ, ಜೊತೆಗೆ ಒಂದೇ ಪ್ರಶ್ನೆ ಇಡಿ. 'ಹೇಗಿದೆ?' ಅನ್ನುವುದಕ್ಕೆ ಉತ್ತರ ಕೊಡೋದು ಕಷ್ಟ. 'ಇಡೀ ಕಥೆಯನ್ನು ಹತ್ತು ವರ್ಷದ ಹುಡುಗಿ ಹೇಳುತ್ತಾಳೆ, ಅವಳಿಗೆ ಗೊತ್ತಿರಲಾರದ ಮಾತು ಎಲ್ಲಾದರೂ ನುಸುಳಿದೆಯಾ?' ಅಂತ ಕೇಳಿದರೆ ಓದುವವರಿಗೂ ದಾರಿ ಕಾಣುತ್ತದೆ. ಉತ್ತರ ಬಂದರೆ ವಾದ ಮಾಡಬೇಡಿ. ತಿದ್ದಿ, ಏನು ಬದಲಾಯಿತು ಅಂತ ನಾಲ್ಕು ಸಾಲು ಬರೆಯಿರಿ. ಹೇಳಿದ್ದನ್ನು ಕೆಲಸಕ್ಕೆ ಹಚ್ಚಿದವರ ಎರಡನೇ ಕಥೆಯನ್ನು ಹಿರಿಯರು ಖುಷಿಯಿಂದಲೇ ಓದುತ್ತಾರೆ. ಉತ್ತರ ಬರದಿದ್ದರೆ ಸುಮ್ನೆ ಬಿಟ್ಟುಬಿಡಿ, ಅದು ನಿಮ್ಮ ಕಥೆಯ ಮೇಲಿನ ತೀರ್ಪಲ್ಲ. ದುಡ್ಡು ತಗೊಂಡು ಕಥೆ ತಿದ್ದಿಕೊಡುವವರೂ ಇದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಪ್ರಕಟಣೆ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಈಗ ಗೆಳೆಯರ ವಿಷಯ. ನನಗೆ ಇದೇ ಮುಖ್ಯ.

ಟೋಲ್ಕಿನ್ ಮತ್ತು ಸಿ. ಎಸ್. ಲೂಯಿಸ್ ಆಕ್ಸ್‌ಫರ್ಡ್‌ನಲ್ಲಿ ಪಾಠ ಮಾಡುತ್ತಿದ್ದವರು. 1930-40ರ ದಶಕಗಳಲ್ಲಿ 'ಇಂಕ್ಲಿಂಗ್ಸ್' ಅನ್ನುವ ಅವರ ಗೆಳೆಯರ ಗುಂಪು ಸೇರಿ, ಬರೆದದ್ದನ್ನು ಗಟ್ಟಿಯಾಗಿ ಓದಿ ಮಾತಾಡುತ್ತಿತ್ತು. ಟೋಲ್ಕಿನ್ ಅವರ ಮೂರು ಭಾಗದ ದೊಡ್ಡ ಕಾದಂಬರಿ ಅಚ್ಚಾದದ್ದು 1954-55ರಲ್ಲಿ. ಬರೆಯುವುದಕ್ಕೇ ಹತ್ತಕ್ಕಿಂತ ಜಾಸ್ತಿ ವರ್ಷ ಹಿಡಿದಿತ್ತು. ಲೂಯಿಸ್ ತಮ್ಮ ಮೇಲೆ ಪ್ರಭಾವ ಬೀರಿದರು ಅಂತ ಟೋಲ್ಕಿನ್ ಹೇಳಲಿಲ್ಲ. ಬರೀ ಉತ್ತೇಜನ ಕೊಟ್ಟರು, ಬಹಳ ಕಾಲ ನನಗಿದ್ದ ಒಬ್ಬನೇ ಓದುಗ ಅವರು, ಆ ಋಣ ತೀರಿಸಲಾಗದು ಅನ್ನುವ ಅರ್ಥದಲ್ಲಿ ಒಂದು ಪತ್ರದಲ್ಲಿ ಬರೆದಿದ್ದಾರೆ. ಮುಂದಿನ ಅಧ್ಯಾಯ ಎಲ್ಲಿ ಅಂತ ಕೇಳುವ ಒಬ್ಬರು ಇದ್ದರೆ ಅಷ್ಟು ದೊಡ್ಡ ಪುಸ್ತಕವೂ ಮುಗಿಯುತ್ತದೆ, ಅಲ್ವಾ?

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಇಷ್ಟ. ಅದೇ ಗುಂಪಿನಲ್ಲಿ ಹ್ಯೂಗೋ ಡೈಸನ್ ಅಂತ ಇದ್ದರು. ಅವರಿಗೆ ಟೋಲ್ಕಿನ್ ಅವರ ಆ ಯಕ್ಷ-ಕಿನ್ನರರ ಕಥೆ ಕೇಳಿದರೆ ಆಗುತ್ತಿರಲಿಲ್ಲ. ಅವರ ಗೊಣಗಾಟಕ್ಕೆ ಓದುವುದೇ ನಿಂತುಹೋಗುತ್ತಿತ್ತಂತೆ. ಅಂದರೆ ಒಳ್ಳೆಯ ಗುಂಪಿನಲ್ಲೂ ನಿಮ್ಮ ಕಥೆ ಎಲ್ಲರಿಗೂ ಹಿಡಿಸಬೇಕಾಗಿಲ್ಲ. ಪ್ರೇತದ ಕಥೆ ಓದದವರಿಗೆ ಪ್ರೇತದ ಕಥೆ ಕಳಿಸಿ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ನಾಲ್ಕು ಜನರ ಗುಂಪು. ಪರಿಚಯವಾದದ್ದು ಒಂದು ಕಥಾ ಕಮ್ಮಟದಲ್ಲಿ. ಅಲ್ಲಿ ಕೇಳಿದ ಉಪನ್ಯಾಸ ಮುಕ್ಕಾಲು ಮರೆತುಹೋಗಿದೆ, ಪಕ್ಕದಲ್ಲಿ ಕೂತವರು ಉಳಿದಿದ್ದಾರೆ. ಶುರುವಿನಲ್ಲಿ ನಾವೂ ಒಬ್ಬರಿಗೊಬ್ಬರು 'ಚೆನ್ನಾಗಿದೆ' ಅಂತಲೇ ಬರೆಯುತ್ತಿದ್ದೆವು. ಅದು ಸುಳ್ಳಲ್ಲ. ಏನು ನೋಡಬೇಕು ಅಂತ ಯಾರೂ ಕೇಳಿರಲಿಲ್ಲ, ನೋಯಿಸಲು ಯಾರಿಗೂ ಮನಸ್ಸಿರಲಿಲ್ಲ. ನಿಮ್ಮ ಗೆಳೆಯರದ್ದೂ ಇದೇ ಇರಬಹುದು.

ಇದಕ್ಕೆ ಲಿಜ್ ಲರ್ಮನ್ ಅನ್ನುವ ನೃತ್ಯ ಸಂಯೋಜಕಿ 1990ರ ಹೊತ್ತಿಗೆ ಒಂದು ವಿಧಾನ ಕಟ್ಟಿದರು. ಈಗ ಬರೆಯುವವರೂ ಅದನ್ನು ಬಳಸುತ್ತಾರೆ. ಮೊದಲು ಓದಿದವರು ತಮ್ಮ ಮನಸ್ಸಿನಲ್ಲಿ ನಿಂತದ್ದೇನು ಅಂತ ಹೇಳುತ್ತಾರೆ. ಆಮೇಲೆ ಬರೆದವರು ತಮಗಿರುವ ಅನುಮಾನ ಕೇಳುತ್ತಾರೆ. ಆಮೇಲೆ ಓದಿದವರು ಪ್ರಶ್ನೆ ಕೇಳುತ್ತಾರೆ, ಆದರೆ ಪ್ರಶ್ನೆಯೊಳಗೆ ಟೀಕೆ ಬಚ್ಚಿಡುವ ಹಾಗಿಲ್ಲ. 'ಕೊನೆ ಯಾಕಿಷ್ಟು ಎಳೆದಿದ್ದೀರಿ?' ಅನ್ನುವುದು ನಡೆಯಲ್ಲ. 'ಕೊನೆ ಓದಿದ ಮೇಲೆ ಓದುಗರಿಗೆ ಏನನ್ನಿಸಬೇಕು ಅಂದುಕೊಂಡಿದ್ದೀರಿ?' ಅನ್ನಬಹುದು. ಅಭಿಪ್ರಾಯ ಕಟ್ಟಕಡೆಗೆ, ಅದೂ 'ಇದರ ಬಗ್ಗೆ ಒಂದು ಮಾತು ಹೇಳಲಾ?' ಅಂತ ಕೇಳಿ. ಬೇಡ ಅನ್ನುವ ಹಕ್ಕು ಬರೆದವರಿಗಿದೆ.

ನಮಗೆ ಅಷ್ಟು ಶಿಸ್ತು ಒಗ್ಗಲಿಲ್ಲ. ಅದರಿಂದ ಒಂದು ಒರಟು ಪದ್ಧತಿ ಮಾಡಿಕೊಂಡೆವು. ಕರಡು ಓದುವಾಗ ಅಂಚಿನಲ್ಲಿ ಗುರುತು ಹಾಕುವುದು. 'ಇಲ್ಲಿ ಫೋನ್ ನೋಡಿದೆ.' 'ಇಲ್ಲಿ ಎರಡು ಸಲ ಓದಬೇಕಾಯಿತು.' 'ಇದನ್ನು ನಂಬಲಿಲ್ಲ.' 'ಇಲ್ಲಿ ನಕ್ಕೆ.' ಇದರಲ್ಲಿ ಯಾವುದೂ ವಿಮರ್ಶೆಯಲ್ಲ, ಓದುವಾಗ ಏನಾಯಿತು ಅನ್ನುವ ವರದಿ. ಹಾಗಾಗಿ ಜಗಳವೂ ಇಲ್ಲ. ಫೋನ್ ನೋಡಿದ್ದು ನಿಜ ಅಂದಮೇಲೆ ವಾದಕ್ಕೇನಿದೆ?

ಗುಂಪಿನ ಗೆಳತಿಯೊಬ್ಬಳ ಕಥೆಯಲ್ಲಿ ಅಣ್ಣ ಮನೆ ಮಾರಲು ವಾಪಸ್ ಬರುತ್ತಾನೆ. ಮೂವರೂ ಒಂದೇ ಜಾಗದಲ್ಲಿ, ಅಣ್ಣ-ತಂಗಿ ಜಗಳದ ನಡುವೆ, 'ನಂಬಲಿಲ್ಲ' ಅಂತ ಗುರುತು ಹಾಕಿದ್ದೆವು. ಮೂವರೂ ಬೇರೆ ಬೇರೆ ಪರಿಹಾರ ಹೇಳಿದೆವು. ಜಗಳ ಚಿಕ್ಕದು ಮಾಡು, ಅಮ್ಮನನ್ನು ತಾ, ಅಣ್ಣನಿಗೆ ಸಾಲ ಇರಲಿ ಹೀಗೆ. ಅವಳು ಒಂದನ್ನೂ ತೆಗೆದುಕೊಳ್ಳಲಿಲ್ಲ. ಮೊದಲ ಪುಟಕ್ಕೆ ಹೋಗಿ, ತಂಗಿ ಆ ಮನೆಯ ಸೂರನ್ನು ತನ್ನ ದುಡ್ಡಲ್ಲಿ ರಿಪೇರಿ ಮಾಡಿಸಿದ್ದಳು ಅನ್ನುವ ಒಂದು ವಾಕ್ಯ ಸೇರಿಸಿದಳು. ಜಗಳದ ಒಂದು ಅಕ್ಷರ ಬದಲಾಗಲಿಲ್ಲ, ಆದರೆ ನಂಬುವ ಹಾಗಾಯಿತು. ಅದಾದಮೇಲೆ ನಾನು ಗೆಳೆಯರ ಗುರುತನ್ನು ಪೂರ್ತಿ ನಂಬುತ್ತೇನೆ, ಅವರ ಪರಿಹಾರವನ್ನು ಅರ್ಧ ಮಾತ್ರ.

ಕರಡು ಕಳಿಸುವುದಕ್ಕಿಂತ ಬೇರೆಯವರ ಕರಡು ಓದುವುದರಿಂದಲೇ ನಾನು ಜಾಸ್ತಿ ಕಲಿತದ್ದು. ಅಚ್ಚಾದ ಒಳ್ಳೆಯ ಕಥೆಯಲ್ಲಿ ಹೊಲಿಗೆ ಕಾಣುವುದಿಲ್ಲ. ಕರಡಿನಲ್ಲಿ ಎಲ್ಲ ಹೊರಗೇ ಇರುತ್ತದೆ. ಎಲ್ಲ ಪಾತ್ರಗಳೂ ಲೇಖಕರ ಹಾಗೇ ಮಾತಾಡುವುದು, ಕಥೆ ಮುಗಿದಮೇಲೂ ಅರ್ಥ ವಿವರಿಸುವ ಒಂದು ಪ್ಯಾರಾ ಉಳಿಯುವುದು. ಇನ್ನೊಬ್ಬರಲ್ಲಿ ಇದನ್ನು ಕಂಡು ಯಾಕೆ ಹೀಗಾಯಿತು ಅಂತ ಬಾಯಿಬಿಟ್ಟು ಹೇಳಬೇಕಾದಾಗ ಕಣ್ಣು ಪಳಗುತ್ತದೆ.

ಸಹಾಯ ಅತಿಯಾಗುವುದೂ ಉಂಟು. ಅಮೆರಿಕದ ರೇಮಂಡ್ ಕಾರ್ವರ್ ಅವರ 1981ರ ಕಥಾಸಂಕಲನವನ್ನು ಅವರ ಸಂಪಾದಕ ಗಾರ್ಡನ್ ಲಿಷ್ ಅರ್ಧಕ್ಕಿಂತ ಜಾಸ್ತಿ ಕತ್ತರಿಸಿದ್ದರು. ಲಿಷ್ ಅದಕ್ಕೂ ಮೊದಲು ಕಾರ್ವರ್ ಬೆಳೆಯಲು ಬಹಳ ನೆರವಾದವರು. ಪುಸ್ತಕ ನಿಲ್ಲಿಸಿ ಅಂತ ಕಾರ್ವರ್ 1980ರಲ್ಲಿ ಅವರಿಗೆ ಅಂಗಲಾಚಿ ಪತ್ರ ಬರೆದರು. ಆದರೂ ಪುಸ್ತಕ ಬಂತು, ಹೆಸರೂ ಬಂತು. ಕತ್ತರಿಸದ ಕಥೆಗಳು 2009ರಲ್ಲಿ ಬೇರೆಯಾಗಿ ಅಚ್ಚಾದವು, ಆಗ ಕಾರ್ವರ್ ಇರಲಿಲ್ಲ. ಯಾವುದು ಮೇಲು ಅಂತ ಓದುಗರು ಈಗಲೂ ಕಿತ್ತಾಡುತ್ತಾರೆ. ನನಗೆ ಕೆಲವು ಕಥೆಗಳಲ್ಲಿ ಲಿಷ್ ಮಾಡಿದ್ದೇ ಸರಿ ಅನ್ನಿಸುತ್ತದೆ. ಆದರೂ ಆ ಪತ್ರ ನೆನಪಾದರೆ ಮನಸ್ಸು ಕಸಿವಿಸಿಯಾಗುತ್ತದೆ. ತಿದ್ದಿದ ಕಥೆ ಓದಿದಾಗ 'ಇದನ್ನು ಬರೆದದ್ದು ನಾನಲ್ಲ' ಅನ್ನಿಸಿದರೆ, ತಿದ್ದಿದವರು ಎಷ್ಟೇ ದೊಡ್ಡವರಿರಲಿ, ಹಳೆಯ ಪ್ರತಿಯನ್ನು ಅಳಿಸಬೇಡಿ.

ಗುಂಪಿನಲ್ಲಿ ಒಬ್ಬರಿಗೆ ಬಹುಮಾನ ಬಂದರೆ ಹೊಟ್ಟೆ ಉರಿಯುತ್ತದಾ ಅಂತ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ: ಉರಿಯುತ್ತದೆ. ಅಭಿನಂದನೆ ಹೇಳಿ, ಎರಡು ದಿನ ಬಿಟ್ಟು ಬರೆಯಲು ಕೂರಿ.

ನಿಮ್ಮ ಮೂವರು ಗೆಳೆಯರನ್ನು ಈಗಲೇ ಕೈಬಿಡಬೇಡಿ. ನಿಮ್ಮ ಕಥೆ ಕಳಿಸುವ ಬದಲು ಮೊದಲು ಅವರ ಒಂದೊಂದು ಕರಡು ತರಿಸಿಕೊಳ್ಳಿ. ಎಲ್ಲಿ ನಕ್ಕಿರಿ, ಎಲ್ಲಿ ಫೋನ್ ನೋಡಿದಿರಿ ಅಂತ ಗುರುತು ಹಾಕಿ ವಾಪಸ್ ಕಳಿಸಿ. ಆಮೇಲೆ ನಿಮ್ಮದನ್ನು ಕೊಟ್ಟು, ಹೀಗೇ ಓದಿಕೊಡ್ತೀರಾ ಅಂತ ಕೇಳಿ. ಒಬ್ಬರು ಒಪ್ಪಿದರೂ ಕೆಲಸ ಶುರುವಾಯಿತು. ಉಳಿದಿಬ್ಬರಿಗೆ ಕಥೆ ಅಚ್ಚಾದ ಮೇಲೆ ಕಳಿಸಿ. ಆಗ ಅವರು 'ಸೂಪರ್' ಅಂದರೆ ಖುಷಿಪಡಬಹುದು.