ಹಳ್ಳದ ಜಾಡಿನಲ್ಲಿ ನಡೆಯುವ ಮುಂಚೆ ಕಾರಿನ ಜಾಗ ನೋಡಿ

ಪ್ರಶ್ನೆ: ನಾವು ಹಾಸನದ ಏಳು ಜನ ಗೆಳೆಯರು. ಡಿಸೆಂಬರ್‌ನ ಒಂದು ಭಾನುವಾರ ಸಕಲೇಶಪುರದ ಆಚೆ, ಬಿಸಿಲೆ ಕಡೆ ಒಂದು ಹಳ್ಳ ಹಿಡಿದು ಕಣಿವೆಯೊಳಗೆ ನಡೆಯುವ ಆಸೆ. ಎರಡು ಕಾರು ಇವೆ. ಹೋದ ಸಲ ತೋಟದ ಗೇಟಿನ ಹತ್ತಿರ ನಿಲ್ಲಿಸಿ ಬೈಸಿಕೊಂಡೆವು. ಕಾರು ಎಲ್ಲಿ ಬಿಡಬೇಕು? ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಬಿಟ್ಟರೆ ವಾಪಸ್ ಹತ್ತುವುದು ತಪ್ಪುತ್ತದೆ ಅಲ್ವಾ?

ಉತ್ತರ: ಬೈದವರ ಮೇಲೆ ಬೇಸರ ಬೇಡ. ಡಿಸೆಂಬರ್ ಅಂದರೆ ಅಲ್ಲಿ ಕಾಫಿ ಕುಯ್ಲು. ಬೆಳಗ್ಗೆ ಆಳುಗಳ ಪಿಕಪ್ ಒಳಗೆ ಬರಬೇಕು, ಸಂಜೆ ಹಣ್ಣಿನ ಮೂಟೆ ಹೊತ್ತ ಟ್ರ್ಯಾಕ್ಟರ್ ಕಣಕ್ಕೆ ಹೋಗಬೇಕು. ಗೇಟಿಗೆ ಅಡ್ಡ ನಿಂತ ಒಂದು ಕಾರು ಸಾಕು, ಇಡೀ ತೋಟದ ಕೆಲಸ ನಿಲ್ಲುತ್ತದೆ.

ಮೊದಲು ಆ ಜಾಗ ಯಾರದ್ದು ಅಂತ ತಿಳಿದುಕೊಳ್ಳಿ. ಬಿಸಿಲೆ ಸುತ್ತ ಮೀಸಲು ಅರಣ್ಯವಿದೆ. ಅಲ್ಲಿ ಸುಮ್ನೆ ಇಳಿಯುವ ಹಾಗಿಲ್ಲ, ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಅನುಮತಿ ಕೇಳಬೇಕು. ತೋಟದೊಳಗಿನ ಹಳ್ಳವಾದರೆ ಮಾಲೀಕರನ್ನೋ, ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರನ್ನೋ ಹಿಂದಿನ ದಿನವೇ ಮಾತಾಡಿಸಿ. ಕೇಳಿಕೊಂಡು ಹೋದವರಿಗೆ ಶೆಡ್ಡಿನ ಪಕ್ಕ ಜಾಗ ತೋರಿಸಿದವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಎಡಕುಮೇರಿ ಕಡೆ ರೈಲು ಹಳಿ ಹಿಡಿದು ನಡೆಯುವ ಯೋಚನೆ ಮಾತ್ರ ಬೇಡ. ಅದು ಅಪರಾಧ. 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಇನ್ನು ಮೇಲೊಂದು ಕಾರು, ಕೆಳಗೊಂದು ಕಾರು ಅನ್ನುವ ವಿಚಾರ. ಹಳ್ಳ ಯಾವ ಕಡೆ ಹರಿಯುತ್ತದೆ ಅಂತ ನೋಡಿ. ಮೂಡಣಕ್ಕೆ ಹರಿದು ಹೇಮಾವತಿ ಸೇರುವ ಹಳ್ಳಗಳು ಗದ್ದೆ, ತೋಟದ ನಡುವೆ ನಿಧಾನವಾಗಿ ಸಾಗುತ್ತವೆ. ಅಲ್ಲಿ ಈ ಲೆಕ್ಕ ನಡೆಯುತ್ತದೆ. ಪಡುವಣಕ್ಕೆ ಇಳಿದು ಕುಮಾರಧಾರೆ ಸೇರುವ ಹಳ್ಳಗಳು ಹಾಗಲ್ಲ. ಅರ್ಧ ಗಂಟೆ ಮಟ್ಟಸವಾಗಿ ಹರಿದದ್ದು ಘಾಟಿಯ ಅಂಚಿಗೆ ಬಂದ ಕೂಡಲೇ ಧುಮುಕಿಬಿಡುತ್ತದೆ. ಮುಂದೆ ಇಳಿಯಲಾಗುವುದಿಲ್ಲ. ಆದರೂ ಕಾರು ಕೆಳಗೆ ಕಾಯುತ್ತಿದೆ ಅನ್ನುವ ಒಂದೇ ಕಾರಣಕ್ಕೆ ಜನ ಪಾಚಿಗಟ್ಟಿದ ಬಂಡೆ ಇಳಿಯಲು ಹೋಗುತ್ತಾರೆ. ನನಗೆ ಭಯವಾಗುವುದು ಅಲ್ಲೇ. ನೀವು ಹೋಗುವುದು ಬಿಸಿಲೆ ಕಡೆ, ಅಲ್ಲಿಯ ಹಳ್ಳಗಳು ಹೀಗೆ ಪಡುವಣಕ್ಕೆ ಧುಮುಕುವಂಥವು. ಹಾಗಾಗಿ ಹೋದ ದಾರಿಯಲ್ಲೇ ಹಿಂದಿರುಗಿ, ಎರಡೂ ಕಾರನ್ನು ಒಂದೇ ಕಡೆ ಬಿಡಿ.

ಇನ್ನೂ ಒಳ್ಳೆಯದು, ಕಾರುಗಳನ್ನು ಹತ್ತಿರದ ಊರಲ್ಲೇ ಬಿಟ್ಟು ಅಲ್ಲಿಯ ಜೀಪ್ ಹಿಡಿಯುವುದು. ಕೆಮ್ಮಣ್ಣುಗುಂಡಿ ಹತ್ತಿರದ ಹೆಬ್ಬೆ ಜಲಪಾತಕ್ಕೆ ಎಲ್ಲರೂ ಹೀಗೇ ಹೋಗುವುದು. ಬಾಡಿಗೆ ಜೀಪಿನಲ್ಲಿ ಇಳಿದು, ಆಮೇಲೆ ಹಳ್ಳ ದಾಟಿಕೊಂಡು ನಡೆಯುತ್ತಾರೆ. ನಿಮ್ಮನ್ನು ಬಿಟ್ಟುಬಂದ ಡ್ರೈವರಿಗೆ ನೀವು ಎಲ್ಲಿ ಇಳಿದಿರಿ, ಎಷ್ಟು ಜನ ಅಂತ ಗೊತ್ತಿರುತ್ತದೆ. ಹೇಳಿದ ಹೊತ್ತಿಗೆ ಬರದಿದ್ದರೆ ಹುಡುಕುವವರು ಒಬ್ಬರಾದರೂ ಇರುತ್ತಾರೆ.

ಕಾರನ್ನೇ ಒಯ್ದರೆ, ಹಳ್ಳ ಅಡ್ಡ ಬರುವ ಮಣ್ಣುರಸ್ತೆಯಲ್ಲಿ ಈಚೆ ದಡದಲ್ಲೇ ನಿಲ್ಲಿಸಿ. ಒಮ್ಮೆ ಅಕ್ಟೋಬರ್‌ನಲ್ಲಿ ನಾನು ಆಚೆ ದಾಟಿ ನಿಲ್ಲಿಸಿದ್ದೆ. ನಮ್ಮ ತಲೆ ಮೇಲೆ ಬಿಸಿಲು, ಮಳೆ ಸುರಿದದ್ದು ಮೇಲಿನ ಗುಡ್ಡದಲ್ಲಿ. ಮೊಣಕಾಲು ಮುಟ್ಟದ ನೀರು ಸಂಜೆಗೆ ಸೊಂಟದವರೆಗೆ ಬಂದಿತ್ತು, ಕೆಂಪಗೆ. ರಾತ್ರಿಯೆಲ್ಲ ಕಾರಿನಲ್ಲೇ ಕೂತೆವು. ಹಳ್ಳದೊಳಗೆ ಇರುವಾಗಲೂ ಅಷ್ಟೇ. ನೀರಿನ ಬಣ್ಣ ಬದಲಾದರೆ, ತರಗೆಲೆ ತೇಲಿ ಬಂದರೆ ಆ ಕ್ಷಣವೇ ದಡ ಹತ್ತಿ.

ಬೆಳಗ್ಗೆ ಎಂಟಕ್ಕೆ ನಡೆಯಲು ಶುರುಮಾಡಿ. ಹನ್ನೆರಡಾದರೆ ಎಲ್ಲಿದ್ದರೂ ತಿರುಗಿ. ನಾಲ್ಕಕ್ಕೆ ಎಲ್ಲರೂ ಕಾರಿನ ಹತ್ತಿರ ಇರಲೇಬೇಕು. ಹೊತ್ತು ಮುಳುಗುವಾಗ ಆನೆಗಳು ತೋಟದ ದಾರಿಗೆ ಬರುತ್ತವೆ. ಸಕಲೇಶಪುರ, ಆಲೂರು, ಬೇಲೂರು ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಂದು ಆನೆ ಯಾವ ಕಡೆ ಇದೆ ಅಂತ ತೋಟದವರನ್ನು ಬೆಳಗ್ಗೆಯೇ ಕೇಳಿ, ಅವರು ಬೇಡ ಅಂದರೆ ಹೋಗಬೇಡಿ.

ಕಾರಿನ ಮೂತಿ ಹೊರದಾರಿಗೆ ತಿರುಗಿರಲಿ. ಎಷ್ಟು ಜನ, ಯಾವ ಹಳ್ಳ, ಎಷ್ಟು ಹೊತ್ತಿಗೆ ವಾಪಸ್, ಮನೆಯವರ ನಂಬರ್ ಯಾವುದು ಅಂತ ಬರೆದ ಚೀಟಿಯನ್ನು ತೋಟದವರ ಕೈಗೆ ಕೊಟ್ಟು ಹೋಗಿ. ಕಣಿವೆಯೊಳಗೆ ಮೊಬೈಲ್ ಸಿಗುವುದಿಲ್ಲ.