ಉ: ವಾಡೆಯ ಕಥೆಗೆ ದೆವ್ವ ಬೇಕಾ?

ಮಂಜು, ಬೀದರ್‌ನ ಹಳೆ ವಾಡೆಯಲ್ಲಿ (ದೊಡ್ಡ ಮನೆಯಲ್ಲಿ) ನಡೆಯುವ, ಮನೆತನದ ಗುಟ್ಟಿನ ಸಸ್ಪೆನ್ಸ್ ಕಾದಂಬರಿ ಬರೆಯುತ್ತಿದ್ದೇನೆ, ದೆವ್ವ ಇಲ್ಲದೆ ಭಯ ಹುಟ್ಟಿಸುವುದು ಹೇಗೆ ಅಂತ ಕೇಳಿದ್ದೀರಿ. ಕಾಗದಪತ್ರ ಹಿಡಿಯಿರಿ. 1948ರವರೆಗೆ ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಜಮೀನಿನ ದಾಖಲೆಗಳು ಹೆಚ್ಚಾಗಿ ಉರ್ದುವಿನಲ್ಲೇ. ಮುತ್ಯಾನ ಟ್ರಂಕಿನಲ್ಲಿ ಸಿಕ್ಕ ಪತ್ರವನ್ನು ಮೊಮ್ಮಗಳು ಓದಲಾರಳು. ಓದಿ ಹೇಳುವವರನ್ನು ಹುಡುಕಬೇಕು. ಅಂದರೆ ಮನೆಯ ಗುಟ್ಟು ಅವಳಿಗಿಂತ ಮೊದಲು ಹೊರಗಿನವರಿಗೆ ಗೊತ್ತಾಗುತ್ತದೆ. ಅವರು ಒಂದು ಸಾಲು ಬಿಟ್ಟು ಓದಿದರೆ? ಸಸ್ಪೆನ್ಸ್ ಅಲ್ಲೇ ಇದೆ, ಅಲ್ವಾ!

ಹೆದರಿಸಲು ಮಂಜು ಮುಸುಕಿದ ರಾತ್ರಿಯೇ ಬೇಕಿಲ್ಲ, ಮೇ ತಿಂಗಳ ಮಧ್ಯಾಹ್ನ ಸಾಕು. ಬಿಸಿಲಿಗೆ ಓಣಿಯೆಲ್ಲ ಖಾಲಿ, ಬಾಗಿಲು ಹಾಕಿದ ವಾಡೆಯೊಳಗೆ ಕತ್ತಲೆ. ನೆಲದಡಿಯ ಜಾಗ ಬೇಕೆಂದರೆ ಬೀದರ್ ಪಕ್ಕದ ನೌಬಾದ್‌ನ ಕರೇಜ್ ನೋಡಿ ಬನ್ನಿ. ಬಹಮನಿ ಕಾಲದಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲು ಕೊರೆದು ಮಾಡಿದ ನೀರಿನ ಸುರಂಗ ಅದು, ಮೇಲೆ ಸಾಲಾಗಿ ಬಾವಿಯಂಥ ಕಿಂಡಿಗಳು. ಅಲ್ಲಿ ಹೆಣ ಮಾತ್ರ ಹಾಕಬೇಡಿ, ಎಲ್ಲರೂ ಅದನ್ನೇ ಊಹಿಸುತ್ತಾರೆ.

ಮತ್ತೆ, ನಿಜಾಮರ ಪರವಿದ್ದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿ, ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆ ಇವನ್ನು ಸುಮ್ನೆ ಹಿನ್ನೆಲೆಗೆ ಅಂತ ತರಬೇಡಿ. ಹಿಂದೂ, ಮುಸ್ಲಿಂ ಎರಡೂ ಕಡೆ ನೋವು ತಿಂದ ಮನೆಗಳಿವೆ. ಗುಟ್ಟು ಅದೇ ಆಗುವುದಾದರೆ, ಬಾಯಿ ಬಿಡದ ಅಜ್ಜಿಯೊಬ್ಬಳಿಗೆ ಮೊದಲ ಅಧ್ಯಾಯದಿಂದಲೇ ಜಾಗ ಕೊಡಿ.