ಪಫ್ ತೋಳಿನ ಪ್ಯಾರಾ ಉಳಿಸಿಕೊಳ್ಳಿ

ನಮಸ್ಕಾರ.

ನೀವು ಕಳಿಸಿದ ‘ಫ್ಯಾಷನ್ ಮತ್ತು ಸಮಾಜಶಾಸ್ತ್ರ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಏಳನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಅದಕ್ಕೋಸ್ಕರವೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಬೇಡದ್ದನ್ನು ಹೇಳಿಬಿಡುತ್ತೇನೆ. ‘ಮಾನವ ಸಂಘಜೀವಿ’ ಅಂತ ಶುರು ಮಾಡಿದ್ದೀರಿ. ಆ ಸಾಲು ನೋಡಿದರೇ ನಮ್ಮ ಕಚೇರಿಯಲ್ಲಿ ಆಕಳಿಕೆ ಬರುತ್ತದೆ. ಆಮೇಲೆ ಆರು ಪುಟ ವೆಬ್ಲೆನ್, ಸಿಮೆಲ್, ಬೋರ್ದ್ಯೂ ಅನ್ನುವ ಸಮಾಜಶಾಸ್ತ್ರದ ಪಂಡಿತರು ಮೂವರೂ ಹಾರ ಹಾಕಿದ ಫೋಟೊಗಳ ಥರ ಗೋಡೆ ಮೇಲೆ ಸಾಲಾಗಿ ಕೂತಿದ್ದಾರೆ. ಒಬ್ಬರೂ ಕೆಳಗಿಳಿದು ಕೆಲಸ ಮಾಡುವುದಿಲ್ಲ. ಅಂದ ಹಾಗೆ ಸಿಮೆಲ್ ಫ್ರಾನ್ಸಿನವರಲ್ಲ, ಬರ್ಲಿನ್‌ನಲ್ಲಿ ಹುಟ್ಟಿದವರು. ತಿದ್ದಿಕೊಳ್ಳಿ.

ವೆಬ್ಲೆನ್ ‘ಶ್ರೀಮಂತರ ಆಡಂಬರವನ್ನು ಖಂಡಿಸಿದರು’ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಅವರು 1899ರಲ್ಲಿ ಬರೆದದ್ದು ಇದಕ್ಕಿಂತ ಚೂಪಾಗಿದೆ. ಎತ್ತರದ ಹಿಮ್ಮಡಿ, ಕಾಲಿಗೆ ತೊಡರುವ ಲಂಗ, ಸೊಂಟ ಬಿಗಿಯುವ ಕಾರ್ಸೆಟ್. ಇಷ್ಟನ್ನೂ ತೊಟ್ಟ ಹೆಂಗಸು ಬಗ್ಗಿ ಒಂದು ಕೆಲಸ ಮಾಡಲಾರಳು. ಮಾಡಲಾರಳು ಅನ್ನುವುದೇ ಗಂಡನ ದುಡ್ಡಿಗೆ ಸಾಕ್ಷಿ! ಹೀಗೆ ಹೇಳಿದರೆ ಓದುಗರಿಗೆ ತಕ್ಷಣ ತಮ್ಮ ಮನೆಯ ಮದುವೆ ನೆನಪಾಗುತ್ತದೆ.

ಈಗ ನಿಮ್ಮ ಪ್ಯಾರಾಕ್ಕೆ ಬರೋಣ. ಬಸ್‌ಸ್ಟ್ಯಾಂಡ್ ಹಿಂದಿನ ಟೈಲರ್ ಅಕ್ಕ, ಕಾಲಡಿ ಲೈನಿಂಗ್ ಬಟ್ಟೆಯ ತುಂಡುಗಳು, ಮೊಬೈಲ್‌ನಲ್ಲಿ ಬ್ಲೌಸ್ ಚಿತ್ರಗಳ ರಾಶಿ. ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುವ ಹುಡುಗಿ ಮೊದಲು ಪಫ್ ತೋಳು ಹೊಲಿಸಿಕೊಂಡಳು. ಎರಡು ತಿಂಗಳಾದ ಮೇಲೆ ಡಾಕ್ಟರ ಹೆಂಡತಿ ಬಂದು, ‘ಆ ಹುಡುಗಿದರ ಥರಾನೇ ಹೊಲಿ, ಆದ್ರೆ ಅದೇ ಅಂತ ಗೊತ್ತಾಗಬಾರದು’ ಅಂದರು. ಎಷ್ಟು ಚೆನ್ನಾಗಿದೆ ಇದು! ಆದರೆ ಮುಂದಿನ ಸಾಲಲ್ಲೇ ‘ಇದು ಸಿಮೆಲ್ ಸಿದ್ಧಾಂತವನ್ನು ಸಾಬೀತುಪಡಿಸುತ್ತದೆ’ ಅಂತ ಬರೆದು ಕೈತೊಳೆದುಕೊಂಡಿದ್ದೀರಿ. ಎಲ್ಲಿ ಸಾಬೀತಾಯಿತು? ಉಲ್ಟಾ ಆಯ್ತಲ್ವಾ?

ಫ್ಯಾಷನ್ ಬಗ್ಗೆ ಸಿಮೆಲ್ ಬರೆದ ಪ್ರಬಂಧ 1904ರಲ್ಲಿ ಇಂಗ್ಲಿಷಿನಲ್ಲಿ ಬಂತು. ಮೇಲಿನ ವರ್ಗ ಹೊಸದನ್ನು ತೊಡುತ್ತದೆ, ಕೆಳಗಿನವರು ಅನುಕರಿಸುತ್ತಾರೆ, ಆಗ ಮೇಲಿನವರು ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತಾರೆ ಅನ್ನುವುದು ಅದರ ವಾದ. ನಿಮ್ಮ ಪಫ್ ತೋಳು ಕೆಳಗಿನಿಂದ ಮೇಲಕ್ಕೆ ಹತ್ತಿದೆ. ಜೀನ್ಸ್ ಕೂಡ ಹೀಗೇ ಹತ್ತಿದ್ದು. 1873ರಲ್ಲಿ ಅಮೆರಿಕದಲ್ಲಿ ಪ್ಯಾಂಟಿನ ಜೇಬಿಗೆ ತಾಮ್ರದ ರಿವೆಟ್ ಹೊಡೆಯುವುದಕ್ಕೆ ಪೇಟೆಂಟ್ ತೆಗೆದುಕೊಂಡದ್ದು ಕೂಲಿಯವರ ಬಟ್ಟೆ ಬೇಗ ಹರಿಯದಿರಲಿ ಅಂತ.

ಆದರೆ ಸಿಮೆಲ್ ಪೂರ್ತಿ ಸೋಲಲಿಲ್ಲ. ಫ್ಯಾಷನ್ ಅಂದರೆ ಎಲ್ಲರ ಹಾಗೆ ಇರುವ ಆಸೆ, ಎಲ್ಲರಿಗಿಂತ ಬೇರೆ ಕಾಣುವ ಆಸೆ, ಎರಡೂ ಒಟ್ಟಿಗೆ ಅಂದವರೂ ಅವರೇ. ಡಾಕ್ಟರ ಹೆಂಡತಿ ಅದನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ಸಿಮೆಲ್ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಜಾರುತ್ತಾರೆ ಅನ್ನುವುದೇ ನಿಮ್ಮ ಲೇಖನ.

ನಿಮ್ಮ ಪಟ್ಟಿಯಲ್ಲಿ ಇಲ್ಲದವರೊಬ್ಬರು ಇಲ್ಲಿ ಬೇಕು. ಹರ್ಬರ್ಟ್ ಬ್ಲೂಮರ್, ಅಮೆರಿಕದ ಸಮಾಜಶಾಸ್ತ್ರಜ್ಞರು. ಅವರು ಪ್ಯಾರಿಸ್ಸಿನ ಫ್ಯಾಷನ್ ಮನೆಗಳಲ್ಲಿ ಕೂತು ನೋಡಿದರು. ನೂರಕ್ಕೂ ಹೆಚ್ಚು ಉಡುಪು ತೋರಿಸಿದರೂ, ಒಬ್ಬರಿಗೊಬ್ಬರು ಗುಟ್ಟು ಬಿಡದ ವ್ಯಾಪಾರಿಗಳು ಆರಿಸುತ್ತಿದ್ದದ್ದು ಅವವೇ ಆರೆಂಟನ್ನು. ದೊಡ್ಡವರು ತೊಟ್ಟರು ಅಂತ ಫ್ಯಾಷನ್ ಆಗುವುದಿಲ್ಲ, ಕಾಲದ ರುಚಿಗೆ ಒಗ್ಗಿದ್ದನ್ನು ಜನ ಸೇರಿ ಆರಿಸುತ್ತಾರೆ, ದೊಡ್ಡವರೂ ಅದನ್ನೇ ತೊಡಲು ಓಡುತ್ತಾರೆ ಅಂತ 1969ರಲ್ಲಿ ಬರೆದರು. ಈಗ ನಿಮ್ಮ ಟೈಲರ್ ಅಕ್ಕ ಹೇಳಿದ ಮಾತು ಓದಿ: ‘ಎಷ್ಟು ಡಿಸೈನ್ ತೋರಿಸಿದ್ರೂ ಎಲ್ಲರ ಬೆರಳು ಹೋಗೋದು ಅದೇ ನಾಲ್ಕರ ಮೇಲೆ.’ ಈ ಮಾತನ್ನು ನೀವು ಬ್ರಾಕೆಟ್ಟಿನಲ್ಲಿ ಹಾಕಿದ್ದೀರಿ!

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಹೆಸರು ಬಂದಿದೆ, ಸಂತೋಷ. ನಮ್ಮ ಮೈಸೂರಿನವರು ಅಂತ ಸುಮ್ನೆ ಎಳೆದು ತರಬೇಡಿ. ಕೊಡಗಿನ ಬಗ್ಗೆ 1952ರಲ್ಲಿ ಬಂದ ಪುಸ್ತಕದಲ್ಲಿ ಅವರು ಹೇಳಿದ ಸಂಸ್ಕೃತೀಕರಣ, ಅಂದರೆ ಕೆಳಗಿನ ಜಾತಿಯವರು ಮೇಲಿನ ಜಾತಿಯವರ ಆಚಾರಗಳನ್ನು ಅನುಕರಿಸುವುದು, ಒಂದಿಡೀ ಜಾತಿ ತಲೆಮಾರುಗಟ್ಟಲೆ ಮಾಡುವ ಕೆಲಸ. ಅಲ್ಲೂ ಅನುಕರಣೆ ಇದೆ. ಆದರೆ ಕೆಳಗಿನವರು ಮಾಂಸ ಬಿಟ್ಟರು ಅಂತ ಮೇಲಿನವರು ತಿನ್ನಲು ಶುರು ಮಾಡುವುದಿಲ್ಲ. ಫ್ಯಾಷನ್‌ನಲ್ಲಿ ಹಾಗೆ ಜಾಗ ಖಾಲಿ ಮಾಡುವುದೇ ಆಟ. ಈ ವ್ಯತ್ಯಾಸ ಬರೆಯುವುದಾದರೆ ಅವರು ಇರಲಿ, ಇಲ್ಲದಿದ್ದರೆ ತೆಗೆಯಿರಿ.

ಬೋರ್ದ್ಯೂ ಸದ್ಯಕ್ಕೆ ಬೇಡ. ಇನ್ನೊಂದು ಲೇಖನಕ್ಕೆ ಆಗುತ್ತಾರೆ.

ಇನ್ನೊಂದು ಸಲ ಅಂಗಡಿಗೆ ಹೋಗಿ ಕೂತು ಬನ್ನಿ. ಆ ನಾಲ್ಕು ಡಿಸೈನ್ ಯಾವುವು? ಯಾರು ಮೊದಲು ಕೇಳಿದರು? ಮೆಡಿಕಲ್ ಶಾಪ್ ಹುಡುಗಿ ಈಗಲೂ ಪಫ್ ತೋಳೇ ಹೊಲಿಸುತ್ತಾಳಾ, ಬಿಟ್ಟಳಾ? ಸಾವಿರದ ಇನ್ನೂರು ಪದ ಸಾಕು, ಮುಂದಿನ ತಿಂಗಳ 10ರೊಳಗೆ ಕಳಿಸಿ. ಡಾಕ್ಟರ ಹೆಂಡತಿ ಯಾರು ಅಂತ ಊರವರಿಗೆ ಗೊತ್ತಾಗದ ಹಾಗೆ ಬರೆಯಿರಿ. ಟೈಲರ್ ಅಕ್ಕನಿಗೆ ಗಿರಾಕಿ ತಪ್ಪಬಾರದು.